ನಿವೇಶನದ ಜಾಹೀರಾತಿನಲ್ಲಿ ನೀರಿನ ಲೆಕ್ಕ ಏಕಿಲ್ಲ?

ಮಾನ್ಯ ಸಂಪಾದಕರೇ,

ಕೋಲಾರ, ಮಾಲೂರು, ಬಂಗಾರಪೇಟೆಗಳ ಸುತ್ತ ನಿವೇಶನ ಮಾರುವವರು ಹಂಚುತ್ತಿರುವ ಕರಪತ್ರಗಳನ್ನೂ ಹೆದ್ದಾರಿಯುದ್ದಕ್ಕೂ ನಿಲ್ಲಿಸಿರುವ ಫಲಕಗಳನ್ನೂ ತಮ್ಮ ಓದುಗರು ನೋಡಿಯೇ ಇರುತ್ತಾರೆ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಗೆ ಎಷ್ಟು ನಿಮಿಷದ ದಾರಿ, ನರಸಾಪುರ ಮತ್ತು ವೇಮಗಲ್‌ನ ಕಾರ್ಖಾನೆಗಳು ಎಷ್ಟು ಹತ್ತಿರ, ರಸ್ತೆ ಮೂವತ್ತು ಅಡಿಯೋ ನಲವತ್ತು ಅಡಿಯೋ, ಯಾವ ಬ್ಯಾಂಕಿನವರು ಸಾಲ ಕೊಡುತ್ತಾರೆ, ಈಶಾನ್ಯ ಮೂಲೆ ಹೇಗಿದೆ ಎಂಬ ವಿವರಗಳೆಲ್ಲ ಅವುಗಳಲ್ಲಿ ಇರುತ್ತವೆ. ಆ ನಿವೇಶನದಲ್ಲಿ ಮನೆ ಕಟ್ಟುವವರಿಗೆ ನೀರು ಎಲ್ಲಿಂದ ಬರುತ್ತದೆ, ಎಷ್ಟು ವರ್ಷ ಬರುತ್ತದೆ ಎಂಬ ಒಂದು ಸಾಲು ಮಾತ್ರ ಇರುವುದಿಲ್ಲ. ಹೆಚ್ಚೆಂದರೆ ‘24 ಗಂಟೆ ನೀರಿನ ಸೌಲಭ್ಯ’ ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಅದರ ಪಕ್ಕದಲ್ಲಿ ನೀಲಿ ಈಜುಕೊಳದ ಚಿತ್ರವೊಂದಿರುತ್ತದೆ. ನದಿಯೊಂದೂ ವರ್ಷವಿಡೀ ಹರಿಯದ ಜಿಲ್ಲೆಯಲ್ಲಿ ಇಂತಹ ಚಿತ್ರ ಅಚ್ಚು ಹಾಕಿಸುವವರ ಧೈರ್ಯವನ್ನು ಮೆಚ್ಚಲೇಬೇಕು.

ಯಾವುದೇ ಬಡಾವಣೆಗೆ ಅನುಮೋದನೆ ನೀಡುವ ಮೊದಲು ಅಲ್ಲಿನ ಮನೆಗಳಿಗೆ ದೀರ್ಘಕಾಲ ನೀರು ದೊರೆಯುತ್ತದೆಂಬುದನ್ನು ಮಾರುವವನೇ ದಾಖಲೆಗಳೊಂದಿಗೆ ಸಾಬೀತುಪಡಿಸಬೇಕು, ಆ ಪ್ರಮಾಣಪತ್ರವಿಲ್ಲದೆ ಒಂದು ನಿವೇಶನವೂ ನೋಂದಣಿಯಾಗಬಾರದು ಎಂಬುದು ಈ ಪತ್ರದ ಬೇಡಿಕೆ. ಕಟ್ಟಡ ಕಾಮಗಾರಿಯಲ್ಲಿಯೇ ಸೇವೆ ಸಲ್ಲಿಸಿ ನಿವೃತ್ತನಾದ ನನಗೆ ಇದು ಕನಸಿನ ಮಾತಾಗಿ ತೋರುವುದಿಲ್ಲ. ಅಮೆರಿಕದ ಅರಿಝೋನಾ ರಾಜ್ಯದಲ್ಲಿ, ಮರುಭೂಮಿಯ ನಡುವಿನ ಫೀನಿಕ್ಸ್ ಮಹಾನಗರ ಪ್ರದೇಶದಲ್ಲಿ, ಇಂತಹ ನಿಯಮ ದಶಕಗಳಿಂದ ಜಾರಿಯಲ್ಲಿದೆ. ನನ್ನ ಮಗಳು ಮತ್ತು ಅಳಿಯಂದಿರು ಆ ನಗರದ ಹೊರವಲಯದಲ್ಲಿ ಮನೆ ಕೊಂಡು ನೆಲೆಸಿರುವುದರಿಂದ ಅಲ್ಲಿನ ದಿನನಿತ್ಯದ ಬದುಕನ್ನು ಒಂದು ಬೇಸಿಗೆಯಲ್ಲಿ ಹತ್ತಿರದಿಂದ ನೋಡುವ ಅವಕಾಶ ನನಗೆ ಒದಗಿತ್ತು.

ಫೀನಿಕ್ಸ್ ಸಣ್ಣ ಊರಲ್ಲ. ಸುಮಾರು 16 ಲಕ್ಷ ಜನರಿರುವ, ಜನಸಂಖ್ಯೆಯಲ್ಲಿ ಆ ದೇಶದ ಐದನೆಯ ದೊಡ್ಡ ನಗರ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 180ರಿಂದ 200 ಮಿಲಿಮೀಟರ್. ನಮ್ಮ ಕೋಲಾರದಲ್ಲಿ ಸರಾಸರಿ 700 ಮಿಲಿಮೀಟರ್‌ಗಿಂತ ಹೆಚ್ಚು. 2023ರಲ್ಲಿ ಅಲ್ಲಿ ಸತತ 31 ದಿನ ಗರಿಷ್ಠ ಉಷ್ಣಾಂಶ 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 43 ಡಿಗ್ರಿ ಸೆಲ್ಸಿಯಸ್‌ಗೂ ಮೇಲಿತ್ತು. ಆ ವರ್ಷ ಫೀನಿಕ್ಸ್ ಇರುವ ಮಾರಿಕೋಪಾ ಕೌಂಟಿಯಲ್ಲಿ ಬಿಸಿಲಿಗೆ ಸಂಬಂಧಿಸಿದ 645 ಸಾವುಗಳು ದಾಖಲಾದವು. ನಮ್ಮಲ್ಲಿ ಏಪ್ರಿಲ್ ತಿಂಗಳಲ್ಲಿ 37 ಡಿಗ್ರಿ ಮುಟ್ಟಿದರೆ ‘ಕೋಲಾರ ಮರುಭೂಮಿಯಾಗುತ್ತಿದೆ’ ಎಂದು ಭಾಷಣ ಮಾಡುವವರು ಈ ಅಂಕಿಗಳನ್ನು ಒಮ್ಮೆ ಗಮನಿಸಬೇಕು. ಅವರಿಗಿಂತ ಮೂರೂವರೆ ಪಟ್ಟು ಮಳೆ ಪಡೆದೂ ನಾವು ಟ್ಯಾಂಕರ್ ಕಾಯುತ್ತಿದ್ದೇವೆಂದರೆ ಕೊರತೆ ಆಕಾಶದ್ದಲ್ಲ.

ಮಗಳ ಮನೆಯಲ್ಲಿ ನಾನು ಮೊದಲು ಹುಡುಕಿದ್ದು ಸಂಪು. ಅಲ್ಲಿ ಸಂಪೂ ಇಲ್ಲ, ಮಾಳಿಗೆಯ ಮೇಲೆ ಟ್ಯಾಂಕೂ ಇಲ್ಲ. ನಲ್ಲಿ ತಿರುಗಿಸಿದರೆ ಹಗಲೂ ರಾತ್ರಿಯೂ ಒಂದೇ ಒತ್ತಡದಲ್ಲಿ ನೀರು ಬರುತ್ತದೆ, ಹನಿಹನಿಗೂ ಮೀಟರ್ ತಿರುಗುತ್ತದೆ. ಮನೆಯ ಮುಂದೆ ಹುಲ್ಲಿಲ್ಲ. ಕಂದು ಬಣ್ಣದ ಜಲ್ಲಿ ಹರಡಿ, ನಡುನಡುವೆ ಪಾಲೊ ವರ್ಡೆ ಎಂಬ ಹಸಿರು ಕಾಂಡದ ಮರವನ್ನೂ ಪಾಪಸುಕಳ್ಳಿಯ ಜಾತಿಯ ಕೆಲವು ಗಿಡಗಳನ್ನೂ ನೆಟ್ಟಿದ್ದಾರೆ. ಪ್ರತಿ ಗಿಡದ ಬುಡಕ್ಕೂ ಕಪ್ಪು ಬಣ್ಣದ ಸಣ್ಣ ಪೈಪೊಂದು ಜಲ್ಲಿಯ ಅಡಿಯಿಂದ ಬಂದಿರುತ್ತದೆ. ಸೂರ್ಯೋದಯಕ್ಕೆ ಮೊದಲೇ ಟೈಮರ್ ಅದನ್ನು ತೆರೆದು, ಸ್ವಲ್ಪ ಹೊತ್ತಿನ ನಂತರ ತಾನೇ ಮುಚ್ಚುತ್ತದೆ. ಬೇರಿನ ಸುತ್ತಲಿನ ಮಣ್ಣು ಬಿಟ್ಟರೆ ಬೇರೆಲ್ಲೂ ತೇವ ಕಾಣುವುದಿಲ್ಲ. ನಮ್ಮ ಟೊಮೆಟೊ ಬೆಳೆಗಾರರಿಗೆ ಹನಿ ನೀರಾವರಿ ಹೊಸತಲ್ಲ. ಆದರೆ ಮನೆಯ ಅಂಗಳಕ್ಕೆ ಅದನ್ನು ಬಳಸುವವರು ನಮ್ಮ ನಗರದಲ್ಲಿ ಎಷ್ಟು ಮಂದಿ ಇದ್ದಾರೆ? ಬೆಳಗ್ಗೆ ಪೈಪು ಹಿಡಿದು ಡಾಂಬರು ರಸ್ತೆ ತೊಳೆಯುವವರನ್ನು ಮಾತ್ರ ಪ್ರತಿ ಬೀದಿಯಲ್ಲೂ ಕಾಣುತ್ತೇನೆ.

ಅಲ್ಲಿ ಮನೆ ನಡೆಸುವುದು ಸುಲಭವೆಂದು ಹೇಳಲಾರೆ. ಬೇಸಿಗೆಯಲ್ಲಿ ಏರ್ ಕಂಡೀಷನರ್ ಕೆಟ್ಟರೆ ಅದು ಆರಾಮದ ಪ್ರಶ್ನೆಯಾಗಿ ಉಳಿಯದೆ ಜೀವದ ಪ್ರಶ್ನೆಯಾಗುತ್ತದೆ. ಬಾಡಿಗೆ ಮನೆಗಳಲ್ಲಿ ಏರ್ ಕಂಡೀಷನರ್ ಇದ್ದರೆ ಅದು ಕೋಣೆಯನ್ನು 82 ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ ಸುಮಾರು 28 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸುವಷ್ಟು ಸಮರ್ಥವಾಗಿರಬೇಕೆಂದು ಫೀನಿಕ್ಸ್ ನಗರದ ಕಾನೂನೇ ಮಾಲೀಕರಿಗೆ ವಿಧಿಸಿದೆ. ಸಂಜೆಯ ಹೊತ್ತಿನ ಕೆಲವು ಗಂಟೆ ವಿದ್ಯುತ್ ದರ ಏರುವುದರಿಂದ ಮಗಳು ಮಧ್ಯಾಹ್ನವೇ ಮನೆಯನ್ನು ತಂಪು ಮಾಡಿಟ್ಟು, ಬಟ್ಟೆ ಒಗೆಯುವ ಯಂತ್ರವನ್ನು ರಾತ್ರಿಗೆ ಮುಂದೂಡುತ್ತಾಳೆ. ಬಡಾವಣೆಯ ನಿವಾಸಿಗಳ ಸಂಘಕ್ಕೆ ತಪ್ಪದೆ ಶುಲ್ಕ ಕಟ್ಟಬೇಕು. ಗೋಡೆಗೆ ಯಾವ ಬಣ್ಣ, ಅಂಗಳಕ್ಕೆ ಯಾವ ಗಿಡ ಎಂಬುದಕ್ಕೂ ಆ ಸಂಘದ ಒಪ್ಪಿಗೆ ಬೇಕು. ನೀರು ಗಡುಸು, ನಲ್ಲಿಗಳ ತುದಿಯಲ್ಲಿ ನಮ್ಮ ಬೋರ್‌ವೆಲ್ ನೀರಿನಂತೆಯೇ ಬಿಳಿ ಪಟ್ಟೆ ಕಟ್ಟುತ್ತದೆ. ಅಲ್ಲಿಯವರೂ ಮಾನ್ಸೂನ್ ಎಂದೇ ಕರೆಯುವ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕಾಲದಲ್ಲಿ ಮಳೆಗಿಂತ ಮೊದಲು ಧೂಳು ಎದ್ದು ಊರನ್ನೇ ಮುಚ್ಚುತ್ತದೆ. ಗಾಲ್ಫ್ ಮೈದಾನಗಳಿಗೂ ಹಿತ್ತಿಲ ಈಜುಕೊಳಗಳಿಗೂ ಅಲ್ಲೇನೂ ಕೊರತೆಯಿಲ್ಲ. ಆ ವಿಷಯದಲ್ಲಿ ಅವರನ್ನು ಅನುಸರಿಸಬೇಕೆಂದು ನಾನು ಖಂಡಿತ ಹೇಳುತ್ತಿಲ್ಲ.

ಅನುಸರಿಸಬೇಕಾದದ್ದು ಅವರ 1980ರ ಅಂತರ್ಜಲ ನಿರ್ವಹಣಾ ಕಾಯ್ದೆಯನ್ನು. ಹತ್ತಿ ಬೆಳೆಯುವ ರೈತರು, ಗಣಿ ಕಂಪನಿಗಳು ಮತ್ತು ಬೆಳೆಯುತ್ತಿದ್ದ ನಗರಗಳು ಪೈಪೋಟಿಯ ಮೇಲೆ ನೆಲದಡಿಯ ನೀರನ್ನು ಎತ್ತುತ್ತಿದ್ದ ಕಾಲದಲ್ಲಿ ಬಂದ ಕಾಯ್ದೆ ಅದು. ಫೀನಿಕ್ಸ್, ಟೂಸಾನ್ ಮುಂತಾದ ಪ್ರದೇಶಗಳನ್ನು ವಿಶೇಷ ನಿರ್ವಹಣೆಯ ವಲಯಗಳೆಂದು ಗುರುತಿಸಿದ ಆ ಕಾಯ್ದೆಯ ಪ್ರಕಾರ, ಈ ವಲಯಗಳಲ್ಲಿ ಆರು ಅಥವಾ ಅದಕ್ಕಿಂತ ಹೆಚ್ಚು ನಿವೇಶನಗಳ ಬಡಾವಣೆ ಮಾಡುವವನು, ಅಲ್ಲಿನ ಮನೆಗಳಿಗೆ ನೂರು ವರ್ಷ ಸಾಲುವಷ್ಟು ನೀರಿದೆಯೆಂದು ರಾಜ್ಯದ ಜಲಸಂಪನ್ಮೂಲ ಇಲಾಖೆಗೆ ಮನದಟ್ಟು ಮಾಡಿ ಪ್ರಮಾಣಪತ್ರ ಪಡೆಯಬೇಕು. ಇಲ್ಲವೇ ಅಂತಹ ಮಾನ್ಯತೆಯನ್ನು ಈಗಾಗಲೇ ಪಡೆದಿರುವ ನಗರವೊಂದರಿಂದ ನೀರು ಪಡೆಯುವ ಒಪ್ಪಂದ ಮಾಡಿಕೊಂಡಿರಬೇಕು. ನೀರು ಭೌತಿಕವಾಗಿ ಇದ್ದರೆ ಸಾಲದು. ಅದರ ಮೇಲೆ ಕಾನೂನುಬದ್ಧ ಹಕ್ಕಿರಬೇಕು, ಗುಣಮಟ್ಟ ಸರಿಯಿರಬೇಕು, ಅದನ್ನು ತರುವ ವ್ಯವಸ್ಥೆ ಕಟ್ಟಲು ಮಾರುವವನಲ್ಲಿ ಹಣವೂ ಇರಬೇಕು. ಇಷ್ಟೆಲ್ಲ ಆದ ಮೇಲೆಯೇ ನಕ್ಷೆಗೆ ಮುದ್ರೆ, ಆಮೇಲೆ ಮಾರಾಟ.

ಈ ನಿಯಮಗಳಲ್ಲಿ ನನ್ನನ್ನು ಬಹಳ ಯೋಚನೆಗೆ ಹಚ್ಚಿದ ಒಂದು ಅಂಶವಿದೆ. ಫೀನಿಕ್ಸ್ ವಲಯದಲ್ಲಿ ಅಂತರ್ಜಲವನ್ನು ನಂಬಿ ಅರ್ಜಿ ಹಾಕುವವನು, ನೂರು ವರ್ಷ ನೀರೆತ್ತಿದ ಮೇಲೂ ನೀರಿನ ಮಟ್ಟ ನೆಲದಿಂದ ಸಾವಿರ ಅಡಿಗಿಂತ ಕೆಳಕ್ಕೆ ಹೋಗುವುದಿಲ್ಲವೆಂದು ತೋರಿಸಬೇಕು. ಸಾವಿರ ಅಡಿ! ಅವರು ನೂರು ವರ್ಷದ ಬಳಿಕವೂ ಮುಟ್ಟಬಾರದೆಂದು ಗೆರೆ ಎಳೆದ ಆಳವನ್ನು ನಮ್ಮ ಜಿಲ್ಲೆಯ ಬೋರ್‌ವೆಲ್ ಲಾರಿಗಳು ಎಂದೋ ದಾಟಿವೆ. ಸಾವಿರದ ಇನ್ನೂರು, ಸಾವಿರದ ಐನೂರು ಅಡಿ ಕೊರೆಸಿದವರು ನಮ್ಮ ಪ್ರತಿ ಹೋಬಳಿಯಲ್ಲೂ ಸಿಗುತ್ತಾರೆ. ಅಷ್ಟು ಆಳದಿಂದ ಬಂದ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆಯೆಂದು ಪರೀಕ್ಷಿಸಿದವರು ಅಪರೂಪ.

2023ರ ಜೂನ್‌ನಲ್ಲಿ ಅರಿಝೋನಾ ಸರ್ಕಾರ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಮುಂದಿನ ನೂರು ವರ್ಷಗಳ ಲೆಕ್ಕದಲ್ಲಿ ಫೀನಿಕ್ಸ್ ವಲಯದ ಅಂತರ್ಜಲ ಬೇಡಿಕೆಯ ಶೇ 4ರಷ್ಟಕ್ಕೆ ನೀರು ಸಾಲದೆಂದು ತಜ್ಞರ ಅಂದಾಜು ತೋರಿಸಿದ್ದರಿಂದ, ಅಂತರ್ಜಲವೊಂದನ್ನೇ ನಂಬಿದ ಹೊಸ ಬಡಾವಣೆಗಳಿಗೆ ಪ್ರಮಾಣಪತ್ರ ನೀಡುವುದನ್ನು ನಿಲ್ಲಿಸುವುದಾಗಿ ರಾಜ್ಯಪಾಲೆ ಕೇಟಿ ಹಾಬ್ಸ್ ಪ್ರಕಟಿಸಿದರು. ಆ ದೇಶದಲ್ಲಿ ರಾಜ್ಯಪಾಲರೆಂದರೆ ನಮ್ಮ ಮುಖ್ಯಮಂತ್ರಿಗಳಂತೆ ಚುನಾವಣೆಯಲ್ಲಿ ಗೆದ್ದು ಬಂದವರು, ಅಂದರೆ ಮತದಾರರಿಗೂ ಬಿಲ್ಡರ್‌ಗಳಿಗೂ ಉತ್ತರ ಹೇಳಬೇಕಾದವರು ಎಂಬುದನ್ನು ಇಲ್ಲಿ ನೆನಪಿಡಬೇಕು. ನಮ್ಮ ಜಿಲ್ಲೆಯ ತಾಲ್ಲೂಕುಗಳಾದರೋ ಕೇಂದ್ರ ಅಂತರ್ಜಲ ಮಂಡಳಿಯ ವರ್ಗೀಕರಣದಲ್ಲಿ ಬಹುಕಾಲದಿಂದ ಅತಿಬಳಕೆಯ ಪಟ್ಟಿಯಲ್ಲಿವೆ. ಅತಿಬಳಕೆಯೆಂದರೆ ವರ್ಷದಲ್ಲಿ ಇಂಗುವುದಕ್ಕಿಂತ ಹೆಚ್ಚು ನೀರನ್ನು ಅದೇ ವರ್ಷ ಎತ್ತುವುದು. ನೂರು ವರ್ಷದ ಮುಂದಿನ ಶೇ 4ರ ಕೊರತೆಗೆ ಅಲ್ಲಿ ಬಾಗಿಲು ಹಾಕಿದರು. ಈ ವರ್ಷವೇ ಇರುವ ಕೊರತೆಯ ನಡುವೆ ಇಲ್ಲಿ ಬಡಾವಣೆಗಳ ಶಿಲಾನ್ಯಾಸ ನಡೆಯುತ್ತಿದೆ.

ಅಲ್ಲಿನ ಕಾಯ್ದೆಯಲ್ಲಿ ಕಿಂಡಿಗಳೇ ಇಲ್ಲವೆಂದು ಯಾರೂ ಭಾವಿಸಬೇಕಾಗಿಲ್ಲ. ನಿಯಮ ಆರು ನಿವೇಶನಗಳಿಂದ ಅನ್ವಯವಾಗುವುದರಿಂದ, ಜಮೀನನ್ನು ಐದೈದಾಗಿ ಒಡೆದು ಮಾರುವ ಚಾಳಿ ಬೆಳೆಯಿತು. ಸ್ಕಾಟ್ಸ್‌ಡೇಲ್ ನಗರದ ಹೊರಗಿನ ರಿಯೊ ವರ್ಡೆ ಫುಟ್‌ಹಿಲ್ಸ್ ಎಂಬ ಪ್ರದೇಶ ಹೀಗೆಯೇ ಬೆಳೆದದ್ದು. ಅಲ್ಲಿ ಲಕ್ಷಾಂತರ ಡಾಲರ್ ಕೊಟ್ಟು ಮನೆ ಕೊಂಡ ನೂರಾರು ಕುಟುಂಬಗಳು ಸ್ಕಾಟ್ಸ್‌ಡೇಲ್‌ನಿಂದ ಟ್ಯಾಂಕರ್‌ಗಳಲ್ಲಿ ಬರುವ ನೀರನ್ನು ನಂಬಿ ಬದುಕುತ್ತಿದ್ದವು. ಕೊಲರಾಡೊ ನದಿಯಲ್ಲಿ ಬರ ಬಿದ್ದಾಗ, ತನ್ನ ಗಡಿಯೊಳಗಿನವರಿಗೆ ನೀರು ಉಳಿಸಬೇಕೆಂಬ ಕಾರಣ ಕೊಟ್ಟು ಆ ನಗರ 2023ರ ಜನವರಿ 1ರಿಂದ ಟ್ಯಾಂಕರ್‌ಗಳಿಗೆ ನೀರು ತುಂಬಿಸುವುದನ್ನು ನಿಲ್ಲಿಸಿತು. ದೂರದೂರದಿಂದ ತಂದ ನೀರಿಗೆ ಹಲವು ಪಟ್ಟು ಹಣ ತೆತ್ತು, ಕಾಗದದ ತಟ್ಟೆಗಳಲ್ಲಿ ಊಟ ಮಾಡಿ, ಮಳೆನೀರನ್ನು ಬಕೆಟ್‌ಗಳಲ್ಲಿ ಹಿಡಿದು ಶೌಚಕ್ಕೆ ಬಳಸಿದ ಆ ಜನರ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಶಾಸನಸಭೆ ಮಧ್ಯೆ ಪ್ರವೇಶಿಸಿ ಹೊಸ ಕಾನೂನು ಮಾಡಿದ ಮೇಲೆಯೇ ಅದೇ ವರ್ಷದ ಅಕ್ಟೋಬರ್‌ನಲ್ಲಿ ತಾತ್ಕಾಲಿಕವಾಗಿ ನೀರು ಮರಳಿ ಸಿಕ್ಕಿತು.

ಈ ಕಥೆ ಕೋಲಾರದವರಿಗೆ ಎಲ್ಲೋ ಕೇಳಿದಂತೆ ಇರುತ್ತದೆ. ಭೂಪರಿವರ್ತನೆಯಾಗದ ಕೃಷಿ ಜಮೀನನ್ನು ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ ರೆವಿನ್ಯೂ ಸೈಟ್ ಎಂದು ಮಾರುವುದು ನಮ್ಮಲ್ಲಿ ಬೆಳೆದಿರುವ ಅಂಥದೇ ಕಿಂಡಿ. ನಮ್ಮ ಮನೆಗೆ ಅನತಿ ದೂರದಲ್ಲೇ ಅಂತಹ ಒಂದು ಬಡಾವಣೆ ಇದೆ. ಅದರ ಹೆಸರು ಇಲ್ಲಿ ಬೇಕಿಲ್ಲ. ಬಣ್ಣ ಬಳಿದ ಗಡಿಕಲ್ಲುಗಳು, ಕಮಾನು, ಚರಂಡಿಯಿಲ್ಲದ ಡಾಂಬರು ರಸ್ತೆ ಇವಿಷ್ಟರ ಜೊತೆಗೆ ಮೂಲೆಯಲ್ಲೊಂದು ಬೋರ್‌ವೆಲ್. ಕೊರೆದ ದಿನ ಎರಡು ಇಂಚು ನೀರು ಬಿತ್ತೆಂದು ಪೂಜೆ ಮಾಡಿ, ನಿವೇಶನ ನೋಡಲು ಬಂದವರಿಗೆಲ್ಲ ಮೋಟಾರ್ ಹಾಕಿ ತೋರಿಸಿದರು. ನಿವೇಶನಗಳು ಮಾರಾಟವಾದವು, ಮನೆಗಳು ಎದ್ದವು. ಎಲ್ಲ ಮನೆಗಳೂ ಒಂದೇ ಬೋರ್‌ನಿಂದ ನೀರು ಪಡೆಯತೊಡಗಿದ ಮೇಲೆ ಎರಡನೆಯ ಬೇಸಿಗೆಗೇ ಪೈಪಿನಲ್ಲಿ ಗಾಳಿ ಬರತೊಡಗಿತು. ಈಗ ಅದರ ಕೇಸಿಂಗ್ ಪೈಪಿನ ಬಾಯಿಗೆ ಚಪ್ಪಡಿ ಕಲ್ಲೊಂದನ್ನು ಮುಚ್ಚಿದ್ದಾರೆ. ಮಾರಿದವರ ದೂರವಾಣಿ ಸಂಖ್ಯೆ ಬದಲಾಗಿದೆ. ಟ್ಯಾಂಕರ್‌ನವರು ಬೇಸಿಗೆಗೊಂದು ದರ, ಮಳೆಗಾಲಕ್ಕೊಂದು ದರ ಹೇಳುತ್ತಾರೆ. ಆ ನೀರು ಯಾವ ಊರಿನ ಯಾವ ತೋಟದ ಬೋರ್‌ನದೆಂದು ಕೇಳುವ ಅಧಿಕಾರ ಯಾರಿಗಿದೆಯೋ ತಿಳಿಯದು. ಕುಡಿಯುವುದಕ್ಕೆ ಶುದ್ಧ ನೀರಿನ ಘಟಕದಿಂದ ಇಪ್ಪತ್ತು ಲೀಟರ್ ಕ್ಯಾನನ್ನು ಸ್ಕೂಟರ್‌ನ ಮುಂದೆ ಇಟ್ಟುಕೊಂಡು ತರುವುದು ಮನೆಯ ಗಂಡಸರ ಬೆಳಗಿನ ಕೆಲಸವಾಗಿದೆ.

ಹೀಗೆ ನಿವೇಶನ ಕೊಂಡವರು ಅವಿವೇಕಿಗಳಲ್ಲ. ಪಹಣಿ, ಮೂಲಪತ್ರ, ವಂಶವೃಕ್ಷ, ಋಣಭಾರ ಪ್ರಮಾಣಪತ್ರ ಎಲ್ಲವನ್ನೂ ವಕೀಲರಿಗೆ ಶುಲ್ಕ ಕೊಟ್ಟು ಪರಿಶೀಲಿಸಿಕೊಂಡವರೂ ಅವರಲ್ಲಿದ್ದಾರೆ. ನೀರಿನ ಬಗ್ಗೆ ಪರಿಶೀಲಿಸಬಹುದಾದ ಒಂದು ಕಾಗದವೇ ನಮ್ಮ ವ್ಯವಸ್ಥೆಯಲ್ಲಿ ಇಲ್ಲದಿರುವಾಗ ಅವರು ಏನನ್ನು ತಾನೆ ಪರಿಶೀಲಿಸಬೇಕಿತ್ತು? 2025ರಲ್ಲಿ ನಗರ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯ ಅನಧಿಕೃತ ಸ್ವತ್ತುಗಳಿಗೆ ಬಿ-ಖಾತೆ ನೀಡಲು ಸರ್ಕಾರ ತೀರ್ಮಾನಿಸಿದಾಗ ಅನೇಕರು ನಿಟ್ಟುಸಿರು ಬಿಟ್ಟರು. ತೆರಿಗೆ ಕಟ್ಟುವ ಹಾದಿ ಸುಗಮವಾಯಿತು, ಅದು ಸರಿಯೇ. ಖಾತೆ ಬಂದ ಮಾತ್ರಕ್ಕೆ ನಲ್ಲಿಯಲ್ಲಿ ನೀರು ಬರಲಿಲ್ಲ. 2011ರ ಕರ್ನಾಟಕ ಅಂತರ್ಜಲ ಕಾಯ್ದೆ ಅಧಿಸೂಚಿತ ಪ್ರದೇಶಗಳಲ್ಲಿ ಬೋರ್‌ವೆಲ್ ಕೊರೆಯಲು ಅನುಮತಿ ಕಡ್ಡಾಯ ಮಾಡಿದೆ. ಆದರೆ ರಾತ್ರೋರಾತ್ರಿ ಬಂದು ಬೆಳಗಾಗುವುದರೊಳಗೆ ಕೊರೆದು ಹೋಗುವ ಲಾರಿಗಳನ್ನು ಅನುಮತಿಪತ್ರ ಕೇಳಿ ನಿಲ್ಲಿಸಿದ್ದನ್ನು ನಾನಂತೂ ಕಂಡಿಲ್ಲ.

‘ಯೋಜನೆಗಳು ಬರುತ್ತಿವೆಯಲ್ಲ, ಇನ್ನೇಕೆ ಚಿಂತೆ’ ಎಂದು ಕೇಳುವವರಿದ್ದಾರೆ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಸಂಸ್ಕರಿಸಿ ನಮ್ಮ ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಆರಂಭವಾಗಿ, ದಿನಕ್ಕೆ 440 ದಶಲಕ್ಷ ಲೀಟರ್ ಗುರಿಯೊಂದಿಗೆ ನಡೆಯುತ್ತಿದೆ. ಅದರಿಂದ ಬತ್ತಿದ್ದ ಕೆರೆಗಳಲ್ಲಿ ನೀರು ನಿಂತದ್ದನ್ನೂ ಅಕ್ಕಪಕ್ಕದ ಬೋರ್‌ಗಳಲ್ಲಿ ಮಟ್ಟ ಏರಿದ್ದನ್ನೂ ಅಲ್ಲಗಳೆಯಲಾಗದು. ಆದರೆ ಆ ನೀರು ಇಂಗಿ ನಮ್ಮ ಕುಡಿಯುವ ನೀರಿಗೆ ಸೇರುವುದರಿಂದ ಮೂರನೆಯ ಹಂತದ ಶುದ್ಧೀಕರಣವೂ ಆಗಬೇಕೆಂದು ಇಲ್ಲಿನ ರೈತರು, ಹೋರಾಟಗಾರರು ಕೇಳುತ್ತಲೇ ಇದ್ದಾರೆ. ಆ ಬೇಡಿಕೆ ನ್ಯಾಯವಾದದ್ದು. ಫೀನಿಕ್ಸ್‌ನ ಪಶ್ಚಿಮಕ್ಕಿರುವ ಪಾಲೊ ವರ್ಡೆ ಅಣು ವಿದ್ಯುತ್ ಸ್ಥಾವರ ನದಿಯಾಗಲಿ ಸಮುದ್ರವಾಗಲಿ ಹತ್ತಿರವಿಲ್ಲದ ಕಡೆ ನಿಂತಿದ್ದು, ನಗರಗಳ ಸಂಸ್ಕರಿತ ಕೊಳಚೆ ನೀರಿನಿಂದಲೇ ತನ್ನ ಯಂತ್ರಗಳನ್ನು ತಂಪು ಮಾಡಿಕೊಳ್ಳುತ್ತದೆ. ಅದಕ್ಕಾಗಿ ಸ್ಥಾವರದಲ್ಲೇ ಆ ನೀರನ್ನು ಇನ್ನೊಮ್ಮೆ ಶುದ್ಧೀಕರಿಸುತ್ತಾರೆ. ಯಂತ್ರಕ್ಕೆ ಕೊಡುವ ಮರ್ಯಾದೆಯನ್ನು ನಮ್ಮ ಕೆರೆಗಳಿಗೂ ಕೊಡಲಿ ಎಂದಷ್ಟೇ ನಾವು ಕೇಳುತ್ತಿರುವುದು.

ಪಶ್ಚಿಮಘಟ್ಟದ ಹೊಳೆಗಳ ನೀರನ್ನು ನಮ್ಮ ಬಯಲುಸೀಮೆಗೆ ತರುವ ಎತ್ತಿನಹೊಳೆ ಯೋಜನೆಯ ವಿಷಯ ಎಲ್ಲರಿಗೂ ತಿಳಿದದ್ದೇ. 24 ಟಿಎಂಸಿ ಅಡಿ ನೀರಿನ ಭರವಸೆಯೊಂದಿಗೆ 2014ರಲ್ಲಿ ಶಂಕುಸ್ಥಾಪನೆಯಾಯಿತು, 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಬಳಿ ಮೊದಲ ಹಂತದ ಉದ್ಘಾಟನೆಯೂ ಆಯಿತು. ವೆಚ್ಚದ ಅಂದಾಜು ಎಂಟು ಸಾವಿರ ಕೋಟಿಯ ಆಸುಪಾಸಿನಿಂದ ಇಪ್ಪತ್ತಮೂರು ಸಾವಿರ ಕೋಟಿ ದಾಟಿತು. ಬಂಗಾರಪೇಟೆ ತಾಲ್ಲೂಕಿನ ಯರಗೋಳ್ ಅಣೆಕಟ್ಟು 2023ರ ನವೆಂಬರ್‌ನಲ್ಲಿ ಉದ್ಘಾಟನೆಗೊಂಡು ಕೋಲಾರ, ಬಂಗಾರಪೇಟೆ, ಮಾಲೂರು ಪಟ್ಟಣಗಳಿಗೆ ಆಸರೆಯಾಗಿರುವುದು ಸಂತೋಷದ ಸಂಗತಿ. ಆದರೆ ಯರಗೋಳ್‌ನ ನೀರು ಇಂದಿರುವ ಮನೆಗಳಿಗೆ ಎಣಿಸಿ ಹಂಚಬೇಕಾದ ನೀರು. ಅದೇ ಅಣೆಕಟ್ಟಿನ ಹೆಸರು ಹೇಳಿಕೊಂಡು ಹೊಸ ಬಡಾವಣೆಯ ನಿವೇಶನಗಳನ್ನು ಮಾರುವುದಾದರೆ ಒಬ್ಬರ ಕೊಡದ ನೀರನ್ನು ಇನ್ನೊಬ್ಬರಿಗೆ ಮಾರಿದಂತೆ. ಫೀನಿಕ್ಸ್‌ಗೂ ಕೊಲರಾಡೊ ನದಿಯಿಂದ ಸುಮಾರು 540 ಕಿಲೋಮೀಟರ್ ಉದ್ದದ ಕಾಲುವೆಯಲ್ಲಿ ನೀರು ಬರುತ್ತದೆ. 1973ರಲ್ಲಿ ಕೆಲಸ ಆರಂಭವಾಗಿ ಎರಡು ದಶಕ ಹಿಡಿದ ಆ ಕಾಲುವೆಯ ನೀರನ್ನು ದಾರಿಯಲ್ಲಿ ಎರಡೂವರೆ ಸಾವಿರ ಅಡಿಗೂ ಹೆಚ್ಚು ಎತ್ತರಕ್ಕೆ ಪಂಪು ಮಾಡಬೇಕು. ಅಷ್ಟು ದೊಡ್ಡ ಕಾಲುವೆ ಕಣ್ಣ ಮುಂದೆ ಹರಿಯುತ್ತಿದ್ದರೂ, 2022ರಲ್ಲಿ ನದಿಯ ಪಾಲು ಕಡಿತವಾದಾಗ ಮೊದಲ ಪೆಟ್ಟು ಬಿದ್ದದ್ದು ನೀರಿನ ಹಂಚಿಕೆಯ ಸರದಿಯಲ್ಲಿ ಹಿಂದಿದ್ದ ಪಿನಾಲ್ ಪ್ರದೇಶದ ರೈತರಿಗೆ. ನಮ್ಮ ಜಿಲ್ಲೆಯಾದರೋ ಎತ್ತಿನಹೊಳೆ ಕಾಲುವೆಯ ತುದಿಯಲ್ಲಿದೆ.

ಇನ್ನು ಮಳೆಯ ಲೆಕ್ಕ. ಮೂವತ್ತು–ನಲವತ್ತರ ನಿವೇಶನದಷ್ಟೇ ವಿಸ್ತೀರ್ಣದ ತಾರಸಿ ಎಂದರೆ ಸುಮಾರು 111 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 700 ಮಿಲಿಮೀಟರ್‌ಗೆ ಸುಮಾರು 78,000 ಲೀಟರ್ ಆಯಿತು. ಆವಿಯಾದದ್ದು, ಸೋರಿದ್ದು, ಮೊದಲ ಮಳೆಯಲ್ಲಿ ಹೊರಗೆ ಬಿಟ್ಟದ್ದು ಎಂದು ಐದರಲ್ಲೊಂದು ಪಾಲು ಕಳೆದರೂ 62,000 ಲೀಟರ್ ಉಳಿಯುತ್ತದೆ. ಐದು ಸಾವಿರ ಲೀಟರ್‌ನ ಹನ್ನೆರಡು ಟ್ಯಾಂಕರ್‌ಗಳಷ್ಟು ನೀರು ಅದು. ದಿನಕ್ಕೆ ನಾನೂರು ಲೀಟರ್ ಬಳಸುವ ಸಂಸಾರಕ್ಕೆ ಐದು ತಿಂಗಳಿಗೆ ಸಾಲುತ್ತದೆ. ಅಷ್ಟನ್ನೂ ಹಿಡಿದಿಡುವ ಸಂಪು ಯಾರ ಮನೆಯಲ್ಲೂ ಇರುವುದಿಲ್ಲ, ಮಳೆಯೂ ಬಹುಪಾಲು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಒಟ್ಟಿಗೇ ಸುರಿಯುತ್ತದೆ ಎಂಬುದು ನಿಜ. ತುಂಬಿ ಮಿಕ್ಕಿದ್ದನ್ನು ಇಂಗುಗುಂಡಿಗೆ ಬಿಡಬೇಕು. ನಮ್ಮ ಮನೆಯಲ್ಲಿ ತಾರಸಿಯ ಪೈಪನ್ನು ಒಂದು ಡ್ರಮ್ಮಿಗೆ ಇಳಿಸಿ, ತಳಕ್ಕೆ ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ಇದ್ದಿಲು, ಮರಳು ಹಾಕಿ, ಮರಳಿನ ಮೇಲೊಂದು ನೈಲಾನ್ ಜಾಲರಿ ಹಾಸಿದ್ದೇವೆ. ಪೈಪಿನ ಬುಡದಲ್ಲಿ ಮುಚ್ಚಳವಿರುವ ಒಂದು ಕವಲಿದೆ. ಏಪ್ರಿಲ್–ಮೇ ತಿಂಗಳ ಮೊದಲ ಮಳೆಗಳಲ್ಲಿ ಅದನ್ನು ತೆರೆದಿಟ್ಟರೆ ಬೇಸಿಗೆಯಿಡೀ ತಾರಸಿಯಲ್ಲಿ ಕೂತ ಧೂಳು, ಪಾರಿವಾಳದ ಹಿಕ್ಕೆ, ಬೇವಿನ ಒಣಗಿದ ಹೂವು ಎಲ್ಲ ಕಂದು ನೀರಾಗಿ ಚರಂಡಿಗೆ ಹೋಗುತ್ತದೆ. ಆಮೇಲೆ ಮುಚ್ಚಳ ತಿರುಗಿಸುವುದು ನನ್ನ ಮನೆಯಾಕೆಯ ಕೆಲಸ. ಅವರ ಕಣ್ಣಿಗೆ ನೀರು ತಿಳಿಯೆನಿಸುವವರೆಗೆ ಯಾರೂ ಅದನ್ನು ಮುಟ್ಟುವಂತಿಲ್ಲ. ಇದೇ ತಾರಸಿ ಫೀನಿಕ್ಸ್‌ನಲ್ಲಿದ್ದಿದ್ದರೆ ವರ್ಷಕ್ಕೆ ಇಪ್ಪತ್ತು ಸಾವಿರ ಲೀಟರ್ ಕೂಡ ಕಷ್ಟವೇ. ಆದರೂ ಆ ರಾಜ್ಯದ ಟೂಸಾನ್ ನಗರ, ಹೊಸ ವಾಣಿಜ್ಯ ಕಟ್ಟಡಗಳು ತಮ್ಮ ಗಿಡಮರಗಳಿಗೆ ಬೇಕಾದ ನೀರಿನ ಅರ್ಧವನ್ನು ಮಳೆಯಿಂದಲೇ ಹಿಡಿಯಬೇಕೆಂದು 2008ರಲ್ಲಿ ನಿಯಮ ಮಾಡಿತು. ಬೆಂಗಳೂರಿನಲ್ಲಿ ಜಲಮಂಡಳಿಯ 2009ರ ಕಾಯ್ದೆ ತಿದ್ದುಪಡಿಯ ನಂತರ ಮೂವತ್ತು–ನಲವತ್ತರ ಹೊಸ ಮನೆಗಳಿಗೂ ಮಳೆನೀರು ಸಂಗ್ರಹ ಕಡ್ಡಾಯವಾಗಿದೆ. ಮಾಡದವರಿಗೆ ನೀರಿನ ಬಿಲ್ಲಿನಲ್ಲೇ ದಂಡ ಬೀಳುತ್ತದೆ.

ಇಂತಹ ನಿಯಮ ತಂದರೆ ನಿವೇಶನದ ಬೆಲೆ ಏರುತ್ತದೆ, ಕಾರ್ಖಾನೆಗಳಲ್ಲಿ ದುಡಿಯುವ ಹುಡುಗರು, ಸಣ್ಣ ಸಂಬಳದವರು ಮನೆ ಕಟ್ಟುವುದೇ ಅಸಾಧ್ಯವಾಗುತ್ತದೆ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಅರಿಝೋನಾದಲ್ಲೂ ಬಿಲ್ಡರ್‌ಗಳು 2023ರ ನಿರ್ಧಾರಕ್ಕೆ ಇದೇ ಆಕ್ಷೇಪ ಎತ್ತಿದ್ದಾರೆ. ಆದರೆ ಇಂದು ನೀರಿನ ಬೆಲೆ ಯಾರ ತಲೆಯ ಮೇಲಿದೆ? ಕಡಿಮೆ ಬೆಲೆಗೆ ಸಿಕ್ಕಿತೆಂದು ರೆವಿನ್ಯೂ ಸೈಟ್ ಕೊಂಡ ಹುಡುಗನೇ ವರ್ಷವರ್ಷವೂ ಟ್ಯಾಂಕರ್‌ಗೆ, ಕ್ಯಾನ್‌ಗೆ, ವಿಫಲವಾದ ಬೋರ್‌ಗೆ ಆ ಬೆಲೆಯನ್ನು ಕಂತುಗಳಲ್ಲಿ ಕಟ್ಟುತ್ತಿದ್ದಾನೆ. ಮಾರಿದವನು ಲಾಭದೊಂದಿಗೆ ಹೊರಟುಹೋಗಿದ್ದಾನೆ. ಈಗಾಗಲೇ ಕೊಂಡು ಕಟ್ಟಿಕೊಂಡವರನ್ನು ಶಿಕ್ಷಿಸುವ ನಿಯಮವನ್ನು ನಾನು ಕೇಳುತ್ತಿಲ್ಲ. ಅವರ ಬಡಾವಣೆಗಳಿಗೆ ನೀರು ಒದಗಿಸುವ ಹೊಣೆ ಸ್ಥಳೀಯ ಸಂಸ್ಥೆಗಳದ್ದು, ಅದಕ್ಕೆ ಬೇಕಾದ ಹಣದ ಒಂದು ಪಾಲನ್ನು ಮಾರಿದವರಿಂದ ವಸೂಲಿ ಮಾಡುವ ದಾರಿಯನ್ನು ಕಾನೂನು ತಿಳಿದವರು ಹುಡುಕಬೇಕು.

ನಮ್ಮಲ್ಲಿ ನೂರು ವರ್ಷದ ಪ್ರಮಾಣಪತ್ರ ಕೇಳಿದರೆ ನಗುವವರೇ ಹೆಚ್ಚು. ಮೂವತ್ತು ವರ್ಷ ಎನ್ನಿ, ಬ್ಯಾಂಕಿನ ಗೃಹಸಾಲದ ಅವಧಿಯಷ್ಟಾದರೂ ಎನ್ನಿ. ಜಿಲ್ಲೆಯಲ್ಲಿ ಅಂತರ್ಜಲ ನಿರ್ದೇಶನಾಲಯದ ಭೂವಿಜ್ಞಾನಿಗಳಿದ್ದಾರೆ, ವೀಕ್ಷಣಾ ಬಾವಿಗಳ ಮಟ್ಟವನ್ನು ನಿಯಮಿತವಾಗಿ ಅಳೆಯುತ್ತಾರೆ. ಆ ದಾಖಲೆಗಳ ಆಧಾರದಲ್ಲಿ ಒಂದು ಬಡಾವಣೆಯ ಬೋರ್ ಬೇಸಿಗೆಯಲ್ಲಿ ಎಷ್ಟು ನೀರು ಕೊಡಬಲ್ಲದು, ಅಲ್ಲಿ ಎಷ್ಟು ಮನೆಗಳು ಬರಲಿವೆ, ಫ್ಲೋರೈಡ್ ಮಿತಿಯೊಳಗಿದೆಯೇ ಎಂದು ಬರೆದುಕೊಡುವುದು ಅವರಿಗೆ ಅಸಾಧ್ಯದ ಕೆಲಸವಲ್ಲ. ಬೋರ್‌ನ ಇಳುವರಿಯನ್ನು ಅಕ್ಟೋಬರ್‌ನಲ್ಲಲ್ಲ, ಮೇ ತಿಂಗಳಲ್ಲಿ ಪರೀಕ್ಷಿಸಬೇಕು. ಆ ಪ್ರಮಾಣಪತ್ರದ ಪ್ರತಿ ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದಿತ ನಕ್ಷೆಯ ಜೊತೆಗೂ, ಉಪನೋಂದಣಿ ಕಚೇರಿಯಲ್ಲಿ ಪ್ರತಿ ಕ್ರಯಪತ್ರದ ಜೊತೆಗೂ ಇರಬೇಕು. ಬಡಾವಣೆಯ ನಡುವೆ ಹಾದುಹೋಗುವ ರಾಜಕಾಲುವೆಯನ್ನೂ ಕೆರೆಯ ಪೋಷಕ ಕಾಲುವೆಯನ್ನೂ ನಕ್ಷೆಯಲ್ಲಿ ಗುರುತಿಸಿ, ಸ್ಥಳದಲ್ಲಿ ಕಲ್ಲು ನೆಟ್ಟ ಮೇಲೆಯೇ ಮೊದಲ ನಿವೇಶನ ಮಾರಾಟಕ್ಕೆ ಬರಬೇಕು. ಸಾವಿರಾರು ಕೆರೆಗಳ ಈ ಸೀಮೆಯಲ್ಲಿ ಕೆರೆ ಉಳಿದು ಕಾಲುವೆ ಸತ್ತ ಉದಾಹರಣೆಗಳೇ ಹೆಚ್ಚು. ಮಳೆನೀರಿನ ಪೈಪು ಸಂಪಿಗೋ ಇಂಗುಗುಂಡಿಗೋ ಸೇರಿರುವುದನ್ನು ಕಣ್ಣಾರೆ ನೋಡದೆ ಹೊಸ ಮನೆಗೆ ಶಾಶ್ವತ ನೀರು, ವಿದ್ಯುತ್ ಸಂಪರ್ಕ ಕೊಡಬಾರದು.

ಶಾಸನಸಭೆಯಲ್ಲಿ ಕಾನೂನಾಗಲು ವರ್ಷಗಳೇ ಬೇಕಾದೀತು. ಆದರೆ ಅನುಮೋದನೆಗಾಗಿ ಈಗ ಸಲ್ಲಿಕೆಯಾಗಿರುವ ಬಡಾವಣೆಗಳ ಪಟ್ಟಿಯನ್ನು, ಪ್ರತಿಯೊಂದರ ನೀರಿನ ಮೂಲ ಯಾವುದೆಂಬ ವಿವರದೊಂದಿಗೆ ಪ್ರಕಟಿಸಲು ಜಿಲ್ಲಾಡಳಿತಕ್ಕೆ ಹೊಸ ಕಾನೂನೇನೂ ಬೇಕಿಲ್ಲ. ಮುಂದಿನ ಬೇಸಿಗೆಗೆ ಮೊದಲು ಆ ಪಟ್ಟಿ ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ, ನಿವೇಶನದ ಜಾಹೀರಾತುಗಳು ಬರುವ ಅದೇ ಪುಟದಲ್ಲಿ, ಪ್ರಕಟವಾಗುವಂತೆ ತಾವು ಆಡಳಿತವನ್ನು ಒತ್ತಾಯಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಎಂಜಿನಿಯರ್
ಕೋಲಾರ